ಸುರಂಜಾನ್ ಮತ್ತು ಹೃದಯ: ಗ್ರಂಥದಲ್ಲಿದ್ದರೆ ಸಾಕೇ?

ಕಳೆದ ಚಳಿಗಾಲದ ಒಂದು ಸಂಜೆ. ಮಗ್ರಿಬ್ ನಮಾಝ್ ಮುಗಿಸಿ ಬಂದು ದವಾಖಾನೆಯಲ್ಲಿ ಕುಳಿತಿದ್ದೆ. ಹಳೆಯ ಪರಿಚಯದ ಚಾಚಾ ಒಬ್ಬರು ಮಗನ ಭುಜ ಹಿಡಿದುಕೊಂಡು ಒಳಗೆ ಬಂದರು. ವಯಸ್ಸು 62. ಮೂವತ್ತು ವರ್ಷ ಲಾರಿ ಓಡಿಸಿದವರು. ಎರಡು ವರ್ಷದ ಹಿಂದೆ ಹೃದಯಾಘಾತವಾಗಿ ಸ್ಟೆಂಟ್ ಹಾಕಿಸಿಕೊಂಡಿದ್ದರು. ಮುಖ ಬಾಡಿತ್ತು, ತುಟಿ ಒಣಗಿತ್ತು. ನಾಲ್ಕು ದಿನದಿಂದ ಭೇದಿ ನಿಂತಿಲ್ಲ ಎಂದು ಮಗ ಹೇಳಿದ.

ಏನು ತಿಂದಿರಿ, ಎಲ್ಲಿಯ ನೀರು ಕುಡಿದಿರಿ ಎಂದೆಲ್ಲ ವಿಚಾರಿಸಿದ ಮೇಲೆ ಮಾತ್ರೆಯ ಮಾತು ಬಂತು.

"ಹೃದಯದ ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದೀರಲ್ಲ ಚಾಚಾ?"

"ಅದನ್ನು ಬಿಟ್ಟು ಮೂರು ವಾರ ಆಯ್ತು ಹಕೀಮ್ ಸಾಬ್. ಈಗ ಸುರಂಜಾನ್ ತಗೋತಾ ಇದ್ದೀನಿ. ಬೆಳಿಗ್ಗೆ ಒಂದು ಚಮಚ, ರಾತ್ರಿ ಒಂದು ಚಮಚ."

ಗ್ರಂಥಿಗೆ ಅಂಗಡಿಯಲ್ಲಿ ಕೊಂಡು, ಮನೆಯ ಮಿಕ್ಸಿಯಲ್ಲಿ ಪುಡಿ ಮಾಡಿಸಿದ್ದರಂತೆ. ಯಾರು ಹೇಳಿದರು ಎಂದು ಕೇಳಿದ್ದಕ್ಕೆ ಫೋನ್ ತೆಗೆದು ಒಂದು ಆಡಿಯೊ ಕೇಳಿಸಿದರು. ಸಾವಿರ ವರ್ಷದ ಹಿಂದೆ ನಮ್ಮ ಹಕೀಮರು ಬರೆದಿಟ್ಟ ಔಷಧಿಯನ್ನು ಇಂಗ್ಲಿಷ್ ವೈದ್ಯರು ಈಗ ಹೃದಯಕ್ಕೆ ಒಪ್ಪಿಕೊಂಡಿದ್ದಾರೆ, ಇದರಿಂದ ಬ್ಲಾಕ್ ಕರಗುತ್ತದೆ, ಬೇರೆ ಮಾತ್ರೆಯ ಅಗತ್ಯವಿಲ್ಲ ಎಂದು ಯಾರೋ ಬಹಳ ಆತ್ಮವಿಶ್ವಾಸದಿಂದ ಹೇಳುತ್ತಿದ್ದರು.

ನನಗೆ ಸಿಟ್ಟು ಬಂದದ್ದು ನಿಜ. ಆದರೆ ಬಾಯಿ ತೆರೆಯುವ ಮೊದಲೇ ಒಂದು ನೆನಪು ಕುಟುಕಿತು. ಆ ಆಡಿಯೊದ ಮೊದಲ ವಾಕ್ಯ ಬಹುತೇಕ ನನ್ನದೇ. ಕೆಲವು ತಿಂಗಳ ಹಿಂದೆ ಒಂದು ಆರೋಗ್ಯ ಶಿಬಿರದಲ್ಲಿ ಮೈಕಿನ ಮುಂದೆ ನಿಂತು, ಚಪ್ಪಾಳೆಯ ಆಸೆಗೆ, ನಾನೂ ಹಾಗೆಯೇ ಹೇಳಿದ್ದೆ. "ಬ್ಲಾಕ್ ಕರಗುತ್ತದೆ" ಎಂದಿರಲಿಲ್ಲ, "ಮಾತ್ರೆ ಬಿಡಿ" ಎಂದಂತೂ ಇಲ್ಲವೇ ಇಲ್ಲ. ಆದರೆ ಅರ್ಧ ಮಾತು ಹೇಳಿ ಬಿಟ್ಟರೆ ಉಳಿದರ್ಧವನ್ನು ಊರು ತುಂಬಿಸಿಕೊಳ್ಳುತ್ತದೆ. ಹೇಳದೆ ಉಳಿದ ಆ ಅರ್ಧವನ್ನು ಈಗ ಪೂರ್ತಿಯಾಗಿ ಬರೆಯುತ್ತಿದ್ದೇನೆ.

ಮೊದಲು ಆಡಿಯೊದಲ್ಲಿರುವ ಸತ್ಯಾಂಶ. ಸುರಂಜಾನ್ ಎಂದರೆ ಕಾಲ್ಚಿಕಮ್ ಜಾತಿಯ ಗಿಡದ ಗೆಡ್ಡೆ. ನಮ್ಮ ದೇಶದಲ್ಲಿ ಇದು ಕಾಶ್ಮೀರ ಮತ್ತು ಪಶ್ಚಿಮ ಹಿಮಾಲಯದ ಕಡೆ ಬೆಳೆಯುತ್ತದೆ. ಕೀಲುನೋವಿಗೆ, ಅದರಲ್ಲೂ ನಾವು ನಿಕ್ರಿಸ್ ಎಂದು ಕರೆಯುವ ಗೌಟ್‌ಗೆ, ಇದರ ಬಳಕೆ ಬಹಳ ಹಳೆಯದು. ಆರನೇ ಶತಮಾನದಲ್ಲೇ ಟ್ರಾಲ್ಸ್‌ನ ಅಲೆಕ್ಸಾಂಡರ್ ಎಂಬ ಗ್ರೀಕ್ ವೈದ್ಯರು ಇದನ್ನು ಗೌಟ್‌ಗೆ ಹೇಳಿದ್ದರು. ಮುಂದೆ ಅರಬ್ಬೀ, ಫಾರ್ಸಿ ಭಾಷೆಗಳಲ್ಲಿ ಬರೆದ ನಮ್ಮ ಹಕೀಮರು ಅದನ್ನು ಉಳಿಸಿ ಬೆಳೆಸಿದರು. ಇಂದಿಗೂ ಮಾಜೂನ್ ಸುರಂಜಾನ್, ಹಬ್ಬೆ ಸುರಂಜಾನ್ ಇಲ್ಲದ ಯುನಾನಿ ದವಾಖಾನೆ ಸಿಗುವುದು ಕಷ್ಟ. 1820ರಲ್ಲಿ ಪೆಲ್ಲತಿಯೆ ಮತ್ತು ಕವಂತೂ ಎಂಬ ಫ್ರೆಂಚ್ ರಸಾಯನತಜ್ಞರು ಕಾಲ್ಚಿಕಮ್‌ನಿಂದ ಅದರ ಸತ್ತ್ವವನ್ನು ಬೇರ್ಪಡಿಸಿದರು. ಅದೇ ಇಂದಿನ ಕಾಲ್ಚಿಸಿನ್ ಮಾತ್ರೆಯ ಮೂಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2023ರ ಜೂನ್‌ನಲ್ಲಿ 0.5 ಮಿಲಿಗ್ರಾಂ ಕಾಲ್ಚಿಸಿನ್ ಮಾತ್ರೆಗೆ ಹೃದ್ರೋಗಿಗಳಲ್ಲಿ ಬಳಸಲು ಅನುಮತಿ ಕೊಟ್ಟದ್ದೂ ನಿಜ.

ಹಾಗಾದರೆ ಸುಳ್ಳು ಎಲ್ಲಿದೆ? "ನಮ್ಮ ಹಕೀಮರು ಹೃದಯಕ್ಕೆಂದು ಬರೆದಿಟ್ಟಿದ್ದರು" ಎಂಬಲ್ಲಿದೆ. ಅವರು ಬರೆದದ್ದು ಕೀಲಿಗೆ. ಕೀಲಿನ ಔಷಧಿ ಹೃದಯದ ಬಾಗಿಲಿಗೆ ಬಂದದ್ದು ಯಾವುದೋ ಗ್ರಂಥದ ಪುಟದಿಂದಲ್ಲ. ಸಾವಿರಾರು ರೋಗಿಗಳು ತಮ್ಮ ಮೇಲೆ ಪರೀಕ್ಷೆ ನಡೆಸಲು ಒಪ್ಪಿದ್ದರಿಂದ ಬಂತು. ಆ ಪರೀಕ್ಷೆಗಳ ಕಥೆ ಗೊತ್ತಿದ್ದರೆ ಯಾರೂ ಚಮಚದಲ್ಲಿ ಪುಡಿ ಅಳೆದು ನುಂಗುತ್ತಿರಲಿಲ್ಲ.

ಕೀಲಿಗೂ ಹೃದಯಕ್ಕೂ ಏನು ಸಂಬಂಧ ಎಂದು ಕೇಳಬಹುದು. ಗೌಟ್‌ನಲ್ಲಿ ಕೀಲಿನೊಳಗೆ ಯೂರಿಕ್ ಆ್ಯಸಿಡ್‌ನ ಸೂಜಿಯಂಥ ಹರಳುಗಳು ಕೂರುತ್ತವೆ. ರಕ್ತದ ಬಿಳಿಕಣಗಳು ಅವನ್ನು ನುಂಗಲು ಹೋಗಿ ರೇಗುತ್ತವೆ. ಒಳಗಿನ ಒಂದು ಎಚ್ಚರಿಕೆಯ ಗಂಟೆ ಬಾರಿಸಿದಂತಾಗಿ ಕೀಲು ಕೆಂಪಾಗುತ್ತದೆ, ಊದುತ್ತದೆ, ಬಟ್ಟೆ ತಾಗಿದರೂ ಉರಿಯುತ್ತದೆ. ನಮ್ಮ ಪುಸ್ತಕಗಳಲ್ಲಿ ಇದನ್ನೇ ವರಮೆ ಹಾರ್, ಅಂದರೆ ಬಿಸಿಯಾದ ಬಾವು ಎನ್ನುತ್ತೇವೆ. ಹೃದಯದ ರಕ್ತನಾಳದ ಗೋಡೆಯಲ್ಲಿ ಕೊಬ್ಬು ಸೇರಿದಾಗಲೂ ಕೊಲೆಸ್ಟರಾಲ್‌ನ ಹರಳುಗಳು ಮೂಡುತ್ತವೆ. ಅವೂ ಅದೇ ಗಂಟೆಯನ್ನು ಬಾರಿಸಬಲ್ಲವು. ಹೊರಗೆ ಕಾಣದ, ನೋವೂ ಕೊಡದ ಉರಿಯೂತ ಅದು. ಅದರಿಂದ ಕೊಬ್ಬಿನ ಗಂಟಿನ ಮೇಲಿನ ತೆಳು ಪೊರೆ ದುರ್ಬಲವಾಗಿ ಒಂದು ದಿನ ಬಿರಿಯುತ್ತದೆ, ಅಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ನಾಳ ಮುಚ್ಚುತ್ತದೆ. ಕಾಲ್ಚಿಸಿನ್ ಬಿಳಿಕಣಗಳ ಈ ರೇಗಾಟವನ್ನು ತಗ್ಗಿಸುತ್ತದೆ. ಗಮನಿಸಿ, ಅದು ಬ್ಲಾಕ್ ಕರಗಿಸುವುದಿಲ್ಲ, ಕೊಲೆಸ್ಟರಾಲನ್ನೂ ಇಳಿಸುವುದಿಲ್ಲ. ಆದ್ದರಿಂದ ಆ ಕೆಲಸ ಮಾಡುವ ಮಾತ್ರೆಯ ಜಾಗಕ್ಕೆ ಇದು ಬರುವ ಪ್ರಶ್ನೆಯೇ ಇಲ್ಲ.

ಉರಿಯೂತ ತಗ್ಗಿಸಿದರೆ ಹೃದಯ ಉಳಿಯುತ್ತದೆ ಎಂಬುದು ಕೇಳಲು ಚೆಂದ. ಆದರೆ ಕೇಳಲು ಚೆಂದವಾದ ಎಷ್ಟೋ ವಾದಗಳು ರೋಗಿಯ ಮೈಮೇಲೆ ಸೋತಿವೆ. 2017ರಲ್ಲಿ ಪ್ರಕಟವಾದ ಕ್ಯಾಂಟೋಸ್ ಎಂಬ ಪರೀಕ್ಷೆಯಲ್ಲಿ 10,061 ಮಂದಿಗೆ ಒಂದು ದುಬಾರಿ ಇಂಜೆಕ್ಷನ್ ಅಥವಾ ಔಷಧವಿಲ್ಲದ ಇಂಜೆಕ್ಷನ್ ಕೊಟ್ಟು ನೋಡಿದರು. ಔಷಧಿ ಕೊಲೆಸ್ಟರಾಲ್ ಇಳಿಸದೆ, ಉರಿಯೂತ ಮಾತ್ರ ತಗ್ಗಿಸಿ ಹೃದಯಾಘಾತ ಕಡಿಮೆ ಮಾಡಿತು. ಜೊತೆಗೆ ಜೀವ ತೆಗೆಯುವ ಸೋಂಕುಗಳನ್ನು ಹೆಚ್ಚಿಸಿತು. ಮರುವರ್ಷ 4,786 ಮಂದಿಯ ಮೇಲೆ ಮೆಥೊಟ್ರೆಕ್ಸೇಟ್ ಪರೀಕ್ಷೆಯ ಫಲಿತಾಂಶ ಬಂತು. ಸಂಧಿವಾತಕ್ಕೆ ವಾರಕ್ಕೊಮ್ಮೆ ನುಂಗುವ, ಅಗ್ಗವಾದ, ಹೆಸರಾಂತ ಮಾತ್ರೆ ಅದು. ಹೃದಯಕ್ಕೆ ಕಿಂಚಿತ್ತೂ ಪ್ರಯೋಜನ ಕಾಣಲಿಲ್ಲ. ಒಂದೇ ಕಾಯಿಲೆಗೆ ಎರಡೂ ಉರಿಯೂತ ನಿವಾರಕಗಳೇ, ಆದರೆ ಫಲಿತಾಂಶ ಬೇರೆ.

ಇನ್ನು ವಯೋಕ್ಸ್ ಕಥೆ ಹಿರಿಯರಿಗೆ ನೆನಪಿರಬಹುದು. ಕೀಲುನೋವಿಗೆ ಜಗತ್ತಿನೆಲ್ಲೆಡೆ ನುಂಗುತ್ತಿದ್ದ ಮಾತ್ರೆ. ಕರುಳಿನ ಗಂಟುಗಳನ್ನು ತಡೆಯಬಹುದೇ ಎಂದು ನೋಡಲು ನಡೆಸಿದ ಒಂದು ಪರೀಕ್ಷೆಯಲ್ಲಿ, ಅದನ್ನು ನುಂಗಿದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಹೆಚ್ಚಿರುವುದು ಬಯಲಾಯಿತು. 2004ರ ಸೆಪ್ಟೆಂಬರ್‌ನಲ್ಲಿ ಕಂಪನಿ ಅದನ್ನು ಹಿಂತೆಗೆದುಕೊಂಡಿತು. ನಮ್ಮ ಮನೆಗಳ ಡಬ್ಬಿಗಳಲ್ಲಿರುವ ಡೈಕ್ಲೊಫೆನಾಕ್, ಎಟೊರಿಕಾಕ್ಸಿಬ್ ಮೊದಲಾದ ನೋವಿನ ಮಾತ್ರೆಗಳೂ ಹೃದ್ರೋಗಿಗಳಿಗೆ ಒಳ್ಳೆಯವಲ್ಲ. ಮೊಣಕಾಲು ನೋವೆಂದು ಮೆಡಿಕಲ್ ಶಾಪಿನಿಂದ ಕೇಳಿ ತಂದು ತಿಂಗಳುಗಟ್ಟಲೆ ನುಂಗುವ ಅಮ್ಮಿಜಾನ್‌ಗಳಿಗೆ ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಉರಿಯೂತ ತಗ್ಗಿಸುತ್ತದೆ ಎಂದ ಮಾತ್ರಕ್ಕೆ ಹೃದಯಕ್ಕೆ ಒಳ್ಳೆಯದು ಎಂದಲ್ಲ.

ಈಗ ಕಾಲ್ಚಿಸಿನ್‌ಗೆ ಬರೋಣ. ಆಸ್ಟ್ರೇಲಿಯದ ಪರ್ತ್ ನಗರದ ಹೃದ್ರೋಗ ತಜ್ಞ ಮಾರ್ಕ್ ನೈಡಾರ್ಫ್ ಮತ್ತು ಸಂಗಡಿಗರು 2013ರಲ್ಲಿ 532 ಹೃದ್ರೋಗಿಗಳ ಮೇಲೆ ನಡೆಸಿದ ಒಂದು ಪರೀಕ್ಷೆಯನ್ನು ಪ್ರಕಟಿಸಿದರು. ಎಲ್ಲರೂ ತಮ್ಮ ನಿತ್ಯದ ಹೃದಯದ ಮಾತ್ರೆಗಳನ್ನು ತೆಗೆದುಕೊಳ್ಳುತ್ತಲೇ ಇದ್ದರು. ಕೆಲವರಿಗೆ ಅದರ ಜೊತೆಗೆ ದಿನಕ್ಕೆ 0.5 ಮಿಲಿಗ್ರಾಂ ಕಾಲ್ಚಿಸಿನ್. ಸುಮಾರು ಮೂರು ವರ್ಷದಲ್ಲಿ ಕಾಲ್ಚಿಸಿನ್ ಇಲ್ಲದವರಲ್ಲಿ ನೂರಕ್ಕೆ 16 ಮಂದಿಗೆ ಹೃದಯ ಅಥವಾ ಮೆದುಳಿನ ಆಘಾತ; ಇದ್ದವರಲ್ಲಿ ನೂರಕ್ಕೆ 5.3 ಮಂದಿಗೆ ಮಾತ್ರ. ಯಾರಾದರೂ ಬೆರಗಾಗುವಂಥ ಅಂತರ. ನಾನು ಶಿಬಿರದಲ್ಲಿ ಹೇಳಿದ್ದು ಇದನ್ನೇ, ಇಷ್ಟನ್ನೇ.

ಆದರೆ ಆ ಪರೀಕ್ಷೆಯಲ್ಲಿ ಒಂದು ಕೊರತೆಯಿತ್ತು. ಯಾರಿಗೆ ಮಾತ್ರೆ ಸಿಕ್ಕಿದೆ, ಯಾರಿಗೆ ಇಲ್ಲ ಎಂಬುದು ರೋಗಿಗೂ ಗೊತ್ತಿತ್ತು, ವೈದ್ಯರಿಗೂ ಗೊತ್ತಿತ್ತು. ಇನ್ನೊಂದು ಗುಂಪಿಗೆ ಹುಸಿ ಮಾತ್ರೆ ಕೊಟ್ಟಿರಲಿಲ್ಲ. ಹೊಸ ಔಷಧಿ ಸಿಕ್ಕವನು ಉತ್ಸಾಹದಲ್ಲಿ ನಡಿಗೆಯನ್ನೂ ಶುರು ಮಾಡಬಹುದು, ಸಿಗದವನು ಎದೆಯಲ್ಲಿ ಸಣ್ಣ ಚಳುಕು ಬಂದರೂ ಆಸ್ಪತ್ರೆಗೆ ಓಡಬಹುದು. ಲೆಕ್ಕ ವಾಲುವುದು ಹೀಗೆ. ನೈಡಾರ್ಫ್ ತಂಡದ ದೊಡ್ಡತನ ಏನೆಂದರೆ ಅವರು ಅಲ್ಲಿಗೆ ನಿಲ್ಲಲಿಲ್ಲ. ಇನ್ನೂ ದೊಡ್ಡದಾದ, ಇನ್ನೂ ಬಿಗಿಯಾದ ಪರೀಕ್ಷೆಗೆ ಇಳಿದರು.

ಅಷ್ಟರಲ್ಲಿ ಕೆನಡಾದ ಮಾಂಟ್ರಿಯಲ್ ಹೃದಯ ಸಂಸ್ಥೆಯ ನೇತೃತ್ವದಲ್ಲಿ ನಡೆದ ಕಾಲ್ಕಾಟ್ ಪರೀಕ್ಷೆಯ ಫಲಿತಾಂಶ 2019ರಲ್ಲಿ ಬಂತು. ಹೃದಯಾಘಾತವಾಗಿ ಮೂವತ್ತು ದಿನದೊಳಗಿನ 4,745 ಮಂದಿ. ಯಾರಿಗೆ ಯಾವ ಮಾತ್ರೆ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಲಾಯಿತು. ಹುಸಿ ಮಾತ್ರೆಯೂ ನೋಡಲು ಹಾಗೆಯೇ ಇತ್ತು. ಸುಮಾರು ಎರಡು ವರ್ಷದ ಬಳಿಕ ಎಣಿಸಿದಾಗ ಹುಸಿ ಮಾತ್ರೆಯವರಲ್ಲಿ ನೂರಕ್ಕೆ 7.1, ಕಾಲ್ಚಿಸಿನ್‌ನವರಲ್ಲಿ 5.5. ಪ್ರಯೋಜನ ಇದೆ. ಆದರೆ 16 ಮತ್ತು 5.3ರ ಅಂತರ ಎಲ್ಲಿ ಹೋಯಿತು? ಇದೇ ಪರೀಕ್ಷೆಯಲ್ಲಿ ನ್ಯುಮೋನಿಯಾ ಕಾಲ್ಚಿಸಿನ್‌ನವರಲ್ಲಿ ನೂರಕ್ಕೆ 0.9, ಹುಸಿ ಮಾತ್ರೆಯವರಲ್ಲಿ 0.4 ಇತ್ತು ಎಂಬುದನ್ನೂ ಬರೆದಿಟ್ಟಿದ್ದಾರೆ.

2020ರಲ್ಲಿ ನೈಡಾರ್ಫ್ ತಂಡದ ಎರಡನೇ ಪರೀಕ್ಷೆ ಪ್ರಕಟವಾಯಿತು. ಆಸ್ಟ್ರೇಲಿಯ ಮತ್ತು ನೆದರ್‌ಲ್ಯಾಂಡ್ಸ್‌ನ 5,522 ಮಂದಿ, ಎಲ್ಲರೂ ಸ್ಥಿರವಾಗಿದ್ದ ಹೃದ್ರೋಗಿಗಳು. ಹುಸಿ ಮಾತ್ರೆಯವರಲ್ಲಿ ನೂರಕ್ಕೆ 9.6, ಕಾಲ್ಚಿಸಿನ್‌ನವರಲ್ಲಿ 6.8. ಇದೂ ಒಳ್ಳೆಯ ಸುದ್ದಿಯೇ. ಆದರೆ ಇಲ್ಲಿ ಒಂದು ಸಂಗತಿ ನನ್ನನ್ನು ನಿಲ್ಲಿಸಿತು. ಪರೀಕ್ಷೆ ಶುರುವಾಗುವ ಮೊದಲು ಒಂದು ತಿಂಗಳು ಎಲ್ಲರಿಗೂ ಕಾಲ್ಚಿಸಿನ್ ಕೊಟ್ಟು ನೋಡಿದ್ದರು. ಹೊಟ್ಟೆ ಕೆಟ್ಟಿತೆಂದೋ ಬೇರೆ ಕಾರಣಕ್ಕೋ ನೂರರಲ್ಲಿ ಸುಮಾರು 15 ಮಂದಿ ಅಲ್ಲೇ ಹೊರಬಿದ್ದರು. ಎಂದರೆ ಪರೀಕ್ಷೆಯಲ್ಲಿ ಉಳಿದವರು ಮಾತ್ರೆ ತಾಳಿಕೊಂಡವರು ಮಾತ್ರ. ಮತ್ತೊಂದು: ಹೃದಯದ ಕಾರಣಕ್ಕೆ ಸತ್ತವರು ಕಾಲ್ಚಿಸಿನ್ ಗುಂಪಿನಲ್ಲಿ 20, ಇನ್ನೊಂದರಲ್ಲಿ 25. ಹೃದಯದ್ದಲ್ಲದ ಕಾರಣಕ್ಕೆ ಸತ್ತವರು ಕಾಲ್ಚಿಸಿನ್ ಗುಂಪಿನಲ್ಲಿ 53, ಇನ್ನೊಂದರಲ್ಲಿ 35. ಒಟ್ಟು ಲೆಕ್ಕ 73 ಮತ್ತು 60. ಇದು ಕಾಕತಾಳೀಯ ಇರಬಹುದು, ಸಂಖ್ಯೆಗಳು ಚಿಕ್ಕವು. ಆದರೂ ಮುಚ್ಚಿಡದೆ ಮುದ್ರಿಸಿದರು. ನಮ್ಮ ಯಾವ ಮಾಜೂನ್‌ನ ಬಗ್ಗೆ ನಾವು ಹೀಗೆ ಎರಡೂ ಬದಿಯ ಲೆಕ್ಕ ಬರೆದಿಟ್ಟಿದ್ದೇವೆ?

ಕೊನೆಗೆ 2024ರಲ್ಲಿ ಎಲ್ಲಕ್ಕಿಂತ ದೊಡ್ಡದು ಬಂತು. ಹೃದಯಾಘಾತವಾದ ಕೂಡಲೇ ಆ್ಯಂಜಿಯೋಪ್ಲಾಸ್ಟಿ ಮಾಡಿಸಿಕೊಂಡ 7,062 ಮಂದಿ, 14 ದೇಶಗಳು, ಸುಮಾರು ಮೂರು ವರ್ಷ. ಹುಸಿ ಮಾತ್ರೆಯವರಲ್ಲಿ ನೂರಕ್ಕೆ 9.3. ಕಾಲ್ಚಿಸಿನ್‌ನವರಲ್ಲಿ 9.1. ಅಂದರೆ ವ್ಯತ್ಯಾಸವೇ ಇಲ್ಲ. ಭೇದಿ ಮಾತ್ರ ಕಾಲ್ಚಿಸಿನ್‌ನವರಲ್ಲಿ ನೂರಕ್ಕೆ 10.2, ಇನ್ನೊಂದರಲ್ಲಿ 6.6. ಒಂದು ಸಮಾಧಾನವೆಂದರೆ ಒಟ್ಟು ಸಾವು ಇಲ್ಲಿ ಹೆಚ್ಚಾಗಲಿಲ್ಲ. ಹಿಂದಿನ ಪರೀಕ್ಷೆ ಹುಟ್ಟಿಸಿದ ಭಯವನ್ನು ಇದು ತಗ್ಗಿಸಿತು.

ಮೊದಲಿನ ಬೆರಗು ಪರೀಕ್ಷೆ ಬಿಗಿಯಾದಂತೆ ಹೇಗೆ ಕರಗಿತು ನೋಡಿ. ಇದರರ್ಥ ಔಷಧಿ ಸುಳ್ಳು ಎಂದಲ್ಲ. ಆಘಾತದ ಬಿಸಿಯಲ್ಲೇ ಕೊಟ್ಟರೆ ಕೆಲಸ ಮಾಡದೆ, ಸ್ಥಿರವಾದ ರೋಗಿಗೆ ಕೊಟ್ಟರೆ ಮಾಡುತ್ತದೆಯೇ ಎಂಬ ಚರ್ಚೆ ಹೃದ್ರೋಗ ತಜ್ಞರಲ್ಲಿ ನಡೆದಿದೆ. ಕೆಲವರಿಗೆ ಅವರು ಕೊಡುತ್ತಾರೆ, ಕೆಲವರಿಗೆ ಕೊಡುವುದಿಲ್ಲ. ಅದು ಅವರು ರೋಗಿಯ ಮುಖ, ಕಿಡ್ನಿ ಮತ್ತು ಇತರ ಮಾತ್ರೆಗಳನ್ನು ನೋಡಿ ಮಾಡಬೇಕಾದ ತೀರ್ಮಾನ. ಫೋನಿನಲ್ಲಿ ಬಂದ ದನಿಗೆ ನಿಮ್ಮ ಕಿಡ್ನಿ ಕಾಣುವುದಿಲ್ಲ.

ಕಿಡ್ನಿಯ ಮಾತು ಸುಮ್ಮನೆ ಬಂದದ್ದಲ್ಲ. ಕಾಲ್ಚಿಸಿನ್‌ನಲ್ಲಿ ಔಷಧಿಗೂ ವಿಷಕ್ಕೂ ನಡುವಿನ ಗೆರೆ ಬಹಳ ತೆಳು. ಕಿಡ್ನಿ ಅಥವಾ ಲಿವರ್ ಸರಿಯಿಲ್ಲದಿದ್ದರೆ ಅದು ಮೈಯಲ್ಲೇ ಉಳಿದು ಸೇರುತ್ತ ಹೋಗುತ್ತದೆ. ಕೆಮ್ಮು ಗಂಟಲಿಗೆಂದು ಕೊಡುವ ಕ್ಲಾರಿಥ್ರೊಮೈಸಿನ್, ಫಂಗಸ್‌ಗೆ ಕೊಡುವ ಕೆಲವು ಮಾತ್ರೆಗಳು ಜೊತೆಯಾದರೆ ರಕ್ತದಲ್ಲಿ ಅದರ ಪ್ರಮಾಣ ಅಪಾಯದ ಮಟ್ಟಕ್ಕೆ ಏರಬಲ್ಲದು. ಹೆಚ್ಚಾದಾಗ ಮೊದಲು ವಾಂತಿ, ಭೇದಿ. ಎರಡು ಮೂರು ದಿನದಲ್ಲಿ ಕಿಡ್ನಿ, ಮೂಳೆಮಜ್ಜೆ, ಕೊನೆಗೆ ಹೃದಯವೇ ಸೋಲುತ್ತದೆ. ಆಗ ಆಸ್ಪತ್ರೆಯವರ ಬಳಿಯೂ ಪ್ರತಿವಿಷವೆಂದು ಕೊಡಲು ಸಿದ್ಧವಾದುದು ಏನೂ ಇರುವುದಿಲ್ಲ. ಪರೀಕ್ಷೆಗಳಲ್ಲಿ ಕಿಡ್ನಿ ತೀರಾ ಕೆಟ್ಟವರನ್ನು ಸೇರಿಸಿಕೊಂಡೇ ಇರಲಿಲ್ಲ. ಸಕ್ಕರೆ ಕಾಯಿಲೆಯಿಂದ ಅರ್ಧ ಕಿಡ್ನಿ ಹೋಗಿರುವ ನಮ್ಮ ಎಷ್ಟೋ ಹಿರಿಯರಿಗೆ ಆ ಫಲಿತಾಂಶ ಅನ್ವಯಿಸುವುದೂ ಇಲ್ಲ. ರಮಝಾನ್‌ನಲ್ಲಿ ಉಪವಾಸವಿರುವವರು ಈ ಮಾತ್ರೆಯಲ್ಲಿದ್ದರೆ ಮೊದಲೇ ವೈದ್ಯರನ್ನು ಕೇಳಲೇಬೇಕು. ಭೇದಿಯಾಗಿ ದಿನವಿಡೀ ನೀರಿಲ್ಲದಿದ್ದರೆ ಕಿಡ್ನಿಗೆ ಬೀಳುವ ಪೆಟ್ಟು ಸಣ್ಣದಲ್ಲ.

ಅದು 0.5 ಮಿಲಿಗ್ರಾಂ ಎಂದು ಅಳೆದು ಕಟ್ಟಿದ ಮಾತ್ರೆಯ ಮಾತಾಯಿತು. ಸುರಂಜಾನ್ ಪುಡಿಯಲ್ಲಿ ಎಷ್ಟು ಕಾಲ್ಚಿಸಿನ್ ಇದೆ? ಗಿಡ ಯಾವುದು, ಯಾವ ಕಾಲದಲ್ಲಿ ಕಿತ್ತದ್ದು, ಎಷ್ಟು ದಿನ ಗೋಣಿಯಲ್ಲಿತ್ತು ಎಂಬುದರ ಮೇಲೆ ಹೆಚ್ಚು ಕಡಿಮೆ ಆಗುತ್ತದೆ. ನಮ್ಮಲ್ಲಿ ಸಿಹಿಯಾದ ಸುರಂಜಾನ್ ಶೀರೀನ್, ಕಹಿಯಾದ ಸುರಂಜಾನ್ ತಲ್ಖ್ ಎಂದು ಎರಡಿವೆ. ಹೊಟ್ಟೆಗೆ ಕೊಡಲು ಹಕೀಮರು ಆರಿಸುವುದು ಶೀರೀನ್. ತಲ್ಖ್ ಹೆಚ್ಚು ವಿಷವುಳ್ಳದ್ದೆಂದು ಹೊರಗೆ ಹಚ್ಚಲು ಬಳಸುತ್ತಾರೆ. ಅಂಗಡಿಯ ಡಬ್ಬಿಯಲ್ಲಿ ಯಾವುದಿದೆ ಎಂದು ಮಾರುವವನಿಗೇ ಎಷ್ಟೋ ಸಲ ತಿಳಿದಿರುವುದಿಲ್ಲ. ಚಾಚಾ ತಂದ ಪೊಟ್ಟಣದ ಪುಡಿಯನ್ನು ನಾಲಿಗೆಯ ತುದಿಗೆ ಮುಟ್ಟಿಸಿ ನೋಡಿದೆ. ಕಹಿ.

ಆ ರಾತ್ರಿಯೇ ಅವರನ್ನು ಆಸ್ಪತ್ರೆಗೆ ಕಳಿಸಿದೆ. ಎರಡು ದಿನ ಡ್ರಿಪ್ ಹಾಕಿದರು. ಕ್ರಿಯಾಟಿನಿನ್ ಏರಿತ್ತು, ಆಮೇಲೆ ಇಳಿಯಿತು. ಅಲ್‌ಹಮ್ದುಲಿಲ್ಲಾಹ್, ಮೂರು ವಾರ ಮಾತ್ರೆ ಬಿಟ್ಟರೂ ಸ್ಟೆಂಟ್ ಮುಚ್ಚಿರಲಿಲ್ಲ. ಮನೆಗೆ ಬಂದ ಮೇಲೆ ನೋಡಲು ಹೋಗಿದ್ದೆ. ಚಹಾ ಕೊಡುತ್ತ ಅವರು ಕೇಳಿದ್ದು ಒಂದೇ ಪ್ರಶ್ನೆ: "ಹಾಗಾದರೆ ಇದು ನಮ್ಮದು ಅಂತ ನೀವೇ ಯಾಕೆ ಹೇಳ್ತಿದ್ರಿ ಹಕೀಮ್ ಸಾಬ್?"

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಆಮೇಲೆ ಯೋಚಿಸಿದಾಗ ಅನಿಸಿತು: ನಮ್ಮದು ಎಂದು ಹೆಮ್ಮೆಪಡಬೇಕಾದದ್ದು ಗೆಡ್ಡೆಯ ಬಗ್ಗೆ ಅಲ್ಲ, ಬೇರೊಂದರ ಬಗ್ಗೆ. ಇಬ್ನ್ ಸೀನಾ ತಮ್ಮ ಅಲ್ ಕಾನೂನ್‌ನ ಎರಡನೇ ಸಂಪುಟದಲ್ಲಿ ಔಷಧಿಗಳ ಪಟ್ಟಿ ಕೊಡುವ ಮೊದಲು ಔಷಧಿಯನ್ನು ಪರೀಕ್ಷಿಸುವ ಏಳು ಷರತ್ತುಗಳನ್ನು ಬರೆದಿದ್ದಾರೆ. ಕಲಬೆರಕೆಯಿಲ್ಲದ ಔಷಧಿ ಇರಬೇಕು. ಹಲವು ಕಾಯಿಲೆ ಕೂಡಿದ ರೋಗಿಯಲ್ಲಲ್ಲ, ಒಂದೇ ಕಾಯಿಲೆಯಲ್ಲಿ ನೋಡಬೇಕು. ಪರಿಣಾಮ ಯಾವಾಗ ಕಾಣಿಸಿತೆಂದು ಗಮನಿಸಬೇಕು. ಒಮ್ಮೆ ಕಂಡದ್ದು ಆಕಸ್ಮಿಕವಿರಬಹುದು, ಪದೇ ಪದೇ ಕಾಣಬೇಕು. ಮನುಷ್ಯನ ಮೇಲೆಯೇ ನೋಡಬೇಕು, ಏಕೆಂದರೆ ಸಿಂಹಕ್ಕೋ ಕುದುರೆಗೋ ಆದ ಪರಿಣಾಮ ಮನುಷ್ಯನಿಗೆ ಆಗಬೇಕೆಂದಿಲ್ಲ. ಇದನ್ನು ಬರೆದವರು ತೀರಿಕೊಂಡದ್ದು 1037ರಲ್ಲಿ. ಅವರಿಗಿಂತ ಹಿಂದಿನ ಅಲ್ ರಾಝಿ ತಮ್ಮ ಅಲ್ ಹಾವಿಯಲ್ಲಿ ಸರ್ಸಾಮ್, ಅಂದರೆ ಮೆದುಳಿನ ಪೊರೆಯ ಬಾವಿನ ಬಗ್ಗೆ ಬರೆಯುತ್ತ, ಒಂದು ಗುಂಪಿನವರಿಗೆ ರಕ್ತ ತೆಗೆದು ಇನ್ನೊಂದು ಗುಂಪಿನವರನ್ನು ಬೇಕೆಂದೇ ಹಾಗೆ ಬಿಟ್ಟು ಹೋಲಿಸಿದೆನೆಂದು ದಾಖಲಿಸಿದ್ದಾರೆ.

ಇಲ್ಲಿಯೂ ನಾನು ಅರ್ಧ ಮಾತು ಹೇಳಿ ನಿಲ್ಲಿಸಬಾರದು. ರಕ್ತ ತೆಗೆದರೆ ಮೆದುಳಿನ ಪೊರೆಯ ಬಾವು ಗುಣವಾಗುವುದಿಲ್ಲ ಎಂದು ಇಂದು ನಮಗೆ ಗೊತ್ತು. ಅಲ್ ರಾಝಿಯಂಥ ಮಹಾವೈದ್ಯರೂ ಎರಡು ಗುಂಪು ಮಾಡಿ ನೋಡಿ ತಪ್ಪು ತೀರ್ಮಾನಕ್ಕೆ ಬಂದರು. ಯಾರನ್ನು ಯಾವ ಗುಂಪಿಗೆ ಹಾಕಬೇಕೆಂದು ವೈದ್ಯನೇ ಆರಿಸಿದರೆ, ಯಾರಿಗೆ ಏನಾಯಿತೆಂದು ಅವನೇ ಎಣಿಸಿದರೆ ಕಣ್ಣು ಮೋಸ ಹೋಗುತ್ತದೆ. ಚೀಟಿ ಎತ್ತುವುದು, ಹುಸಿ ಮಾತ್ರೆ ಕೊಡುವುದು, ಇಬ್ಬರಿಗೂ ಗೊತ್ತಾಗದಂತೆ ನಡೆಸುವುದು ಇವೆಲ್ಲ ಬಂದದ್ದು ಈ ಮೋಸವನ್ನು ತಡೆಯಲು. ಅವರು ಹಾಕಿದ ದಾರಿಯಲ್ಲಿ ಬೇರೆಯವರು ಬಹುದೂರ ನಡೆದರು. ನಾವು ದಾರಿಯ ಆರಂಭದಲ್ಲೇ ಕುಳಿತು ಇದು ನಮ್ಮ ದಾರಿ ಎನ್ನುತ್ತಿದ್ದೇವೆ.

ನನ್ನ ಸಹೋದ್ಯೋಗಿಗಳಿಗೆ ಈ ಮಾತು ಹಿತವಾಗಲಿಕ್ಕಿಲ್ಲ. ರಾಷ್ಟ್ರೀಯ ಯುನಾನಿ ಸಂಸ್ಥೆ ನಮ್ಮ ಬೆಂಗಳೂರಿನಲ್ಲೇ ಇದೆ. ಕೇಂದ್ರ ಸರಕಾರದ ಯುನಾನಿ ಸಂಶೋಧನಾ ಮಂಡಳಿಯಿದೆ. ಕೆಲಸ ನಡೆದಿಲ್ಲವೆಂದಲ್ಲ. ಆದರೆ ನಾನು ಓದಿದ ಎಷ್ಟೋ ಸ್ನಾತಕೋತ್ತರ ಪ್ರಬಂಧಗಳಲ್ಲಿ ರೋಗಿಗಳ ಸಂಖ್ಯೆ 30, 40, ಹೆಚ್ಚೆಂದರೆ 60. ಅಷ್ಟು ಜನರಲ್ಲಿ ನೋವು ಕಡಿಮೆಯಾಯಿತೇ ಎಂದು ನೋಡಬಹುದು. ಹೃದಯಾಘಾತ ತಪ್ಪಿತೇ ಎಂದು ಹೇಳಲಾಗದು. ಕಾಲ್ಕಾಟ್‌ನಲ್ಲಿ ನೂರು ಜನ ಎರಡು ವರ್ಷ ಮಾತ್ರೆ ನುಂಗಿದಾಗ ಸುಮಾರು ಒಂದೂವರೆ ಮಂದಿಗೆ ಪ್ರಯೋಜನವಾಯಿತು. ಇಷ್ಟು ಸಣ್ಣ ವ್ಯತ್ಯಾಸ ಸಾವಿರಗಟ್ಟಲೆ ಜನರಿಲ್ಲದೆ ಕಣ್ಣಿಗೆ ಬೀಳುವುದಿಲ್ಲ. ನಲವತ್ತು ಕಾಲೇಜುಗಳು ನಲವತ್ತು ಪುಟ್ಟ ಪರೀಕ್ಷೆ ಮಾಡುವ ಬದಲು ಎಲ್ಲರೂ ಸೇರಿ ಒಂದು ದೊಡ್ಡದನ್ನು ಏಕೆ ಮಾಡಬಾರದು? ಮಾಜೂನ್ ಸುರಂಜಾನ್ ಕೀಲುನೋವಿಗೆ ಎಷ್ಟು ಕೆಲಸ ಮಾಡುತ್ತದೆ, ಕಿಡ್ನಿಗೆ ಏನು ಮಾಡುತ್ತದೆ ಎಂಬುದನ್ನಾದರೂ? ಫಲಿತಾಂಶ ನಮಗೆ ವಿರುದ್ಧವಾಗಿ ಬಂದರೂ ಅಚ್ಚು ಹಾಕುವ ಧೈರ್ಯ ಬೇಕು. 2024ರ ಪರೀಕ್ಷೆಯವರು ಹಾಕಿದರಲ್ಲ.

ಓದುಗರಿಗೂ ಒಂದು ಮಾತು. "ನಮ್ಮವರ ಮೇಲೆ ಪ್ರಯೋಗ ಮಾಡುತ್ತಾರೆ" ಎಂಬ ಭಯ ನಮ್ಮ ಮನೆಗಳಲ್ಲಿ ಗಟ್ಟಿಯಾಗಿದೆ. ಅದಕ್ಕೆ ಕಾರಣವೇ ಇಲ್ಲ ಎನ್ನಲಾರೆ. ಬಡವರನ್ನು ಕೇಳದೆ ಬಳಸಿಕೊಂಡ ಉದಾಹರಣೆಗಳು ಜಗತ್ತಿನಲ್ಲಿವೆ. ಆದರೆ ನಮ್ಮ ದೇಶದಲ್ಲಿ ಈಗ 2019ರ ಹೊಸ ಔಷಧಗಳು ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳಿವೆ. ನೀತಿ ಸಮಿತಿಯ ಒಪ್ಪಿಗೆ ಇಲ್ಲದೆ ಪರೀಕ್ಷೆ ನಡೆಯುವಂತಿಲ್ಲ. ನಿಮಗೆ ತಿಳಿಯುವ ಭಾಷೆಯಲ್ಲಿ ವಿವರಿಸಿ ಸಹಿ ಪಡೆಯಬೇಕು. ಪರೀಕ್ಷೆಯಿಂದ ತೊಂದರೆಯಾದರೆ ಚಿಕಿತ್ಸೆಯ ಖರ್ಚು ನಡೆಸುವವರದ್ದು, ಪರಿಹಾರವೂ ಉಂಟು. ಯಾವಾಗ ಬೇಕಾದರೂ ಹೊರಬರಬಹುದು, ಅದಕ್ಕಾಗಿ ನಿಮ್ಮ ನಿತ್ಯದ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಸಹಿ ಹಾಕುವ ಮೊದಲು ಈ ನಾಲ್ಕನ್ನೂ ಕೇಳಿ. ಹುಸಿ ಮಾತ್ರೆ ಎಂದರೆ ಚಿಕಿತ್ಸೆಯೇ ಇಲ್ಲ ಎಂದೂ ತಿಳಿಯಬೇಡಿ. ಮೇಲಿನ ಎಲ್ಲ ಪರೀಕ್ಷೆಗಳಲ್ಲೂ ಎರಡೂ ಗುಂಪಿನವರು ತಮ್ಮ ಹೃದಯದ ಮಾತ್ರೆಗಳನ್ನು ನುಂಗುತ್ತಲೇ ಇದ್ದರು.

ಈ ಪರೀಕ್ಷೆಗಳಲ್ಲಿ ಹೆಂಗಸರು ಎಷ್ಟಿದ್ದರು ಎಂದು ಹುಡುಕಿದೆ. ನೈಡಾರ್ಫ್‌ರ ಎರಡನೆಯದರಲ್ಲಿ ನೂರರಲ್ಲಿ ಸುಮಾರು 15. ಕಾಲ್ಕಾಟ್‌ನಲ್ಲಿ ಸುಮಾರು 19, ಕೊನೆಯದರಲ್ಲಿ ಸುಮಾರು 20. ಹೀಗಿರುವಾಗ ನಾಳೆ ನಿಮ್ಮ ತಾಯಿಗೋ ಅತ್ತೆಗೋ ವೈದ್ಯರು ಇದನ್ನು ಬರೆದುಕೊಟ್ಟರೆ, ಅದು ಬಹುಪಾಲು ಗಂಡಸರ ಮೈಮೇಲೆ ಕಂಡ ಲೆಕ್ಕವನ್ನು ನಂಬಿ. ಹೆಂಗಸರ ಎದೆನೋವನ್ನು ಗ್ಯಾಸ್ ಎಂದು ತಳ್ಳಿಹಾಕುವುದು ಮನೆಯಲ್ಲೇ ಶುರುವಾಗುತ್ತದೆ. ಆಸ್ಪತ್ರೆಗೆ ತಡವಾಗಿ ಬರುತ್ತಾರೆ. ಪರೀಕ್ಷೆಗೆ ಕೇಳಿದರೆ "ಅವರ ಯಜಮಾನರನ್ನು ಕೇಳಬೇಕು" ಎಂಬ ಉತ್ತರ. ಸಹಿ ಅವರದು, ದೇಹ ಅವರದು.

ಚಾಚಾ ಮೊನ್ನೆ ಮತ್ತೆ ಬಂದಿದ್ದರು. ಹೃದಯದ ಮಾತ್ರೆಗಳನ್ನು ವಾರದ ಏಳು ಖಾನೆಯ ಡಬ್ಬಿಯಲ್ಲಿ ಮಗಳು ತುಂಬಿ ಕೊಡುತ್ತಾಳಂತೆ. ತಮ್ಮ ಹೃದ್ರೋಗ ತಜ್ಞರನ್ನೇ ಕಾಲ್ಚಿಸಿನ್ ಬಗ್ಗೆ ಕೇಳಿದ್ದಾರೆ; ಕಿಡ್ನಿಯ ಕಾರಣಕ್ಕೆ ನಿಮಗೆ ಬೇಡ ಎಂದರಂತೆ. ಈ ಸಲದ ತಕರಾರು ಮೊಣಕಾಲಿನದು.

"ಇದಕ್ಕಾದರೂ ಸುರಂಜಾನ್ ಕೊಡಬಹುದಲ್ಲ?" ಎಂದು ನಕ್ಕರು.

ಕ್ರಿಯಾಟಿನಿನ್ ರಿಪೋರ್ಟ್ ತೋರಿಸಿ ಎಂದೆ. ಮಗ ಫೋನಿನಲ್ಲಿ ಹುಡುಕಿ ತೆಗೆದ. ನೋಡಿದೆ. ಹೊಟ್ಟೆಗೆ ಏನೂ ಕೊಡದೆ, ಬೆಚ್ಚಗೆ ಮಾಡಿ ಹಚ್ಚಿ ತಿಕ್ಕಲು ಒಂದು ಸೀಸೆ ಎಣ್ಣೆ ಕೊಟ್ಟು ಕಳಿಸಿದೆ.